ಎರಡನೇ ಗೆರೆ

ಬುಟ್ಟಿಗೆ ಕಟ್ಟಿದ್ದ ಟವೆಲ್ಲು ಬಿಚ್ಚಿದ್ದೇ ತಡ, ಗಂಡುಬೆಕ್ಕು ಮೇಜಿನ ಮೂಲೆ ಸೇರಿ ಮುದುಡಿ ಕೂತಿತು. ಬೂದು ಮೈ, ದಪ್ಪ ಕೆನ್ನೆ, ಅಂಚು ಹರಿದ ಕಿವಿ, ಕುತ್ತಿಗೆಯ ಹತ್ತಿರ ಕೀವು ಒಸರುವ ಕಡಿತದ ಗಾಯ. ಬೆಂಗಳೂರಿನ ಈ ಪುಟ್ಟ ಕ್ಲಿನಿಕ್ಕಿನ ವೈದ್ಯೆ ಗಾಯ ಎದುರಿಗೇ ಇದ್ದರೂ ಮೊದಲು ಅದರ ತುಟಿ ಮೇಲೆತ್ತಿ ನೋಡಿದರು. ವಸಡು ಕೆಂಡದ ಬಣ್ಣ. ಹಿಂದಿನ ಹಲ್ಲಿನ ಬುಡ ಮುಟ್ಟಿದರೆ ರಕ್ತ ಜಿನುಗಿತು. ದವಡೆಯ ಕೆಳಗೆ ಬೆರಳಾಡಿಸಿದರೆ ಎರಡೂ ಕಡೆ ಗಂಟು ಸಿಕ್ಕಿತು.

“ರಾತ್ರಿ ಹೊರಗೆ ಜಗಳಕ್ಕೆ ಹೋಗ್ತಾನಾ ಅಮ್ಮಾ?”

“ಅದೇ ಅವನ ಕೆಲಸ ಡಾಕ್ಟ್ರೇ. ಈಗೀಗ ಊಟಾನೂ ಸೇರಲ್ಲ. ಬಟ್ಟಲ ಹತ್ರ ಬರ್ತಾನೆ, ಮೂಸಿ ನೋಡಿ ಹೋಗ್ತಾನೆ.”

ವೈದ್ಯೆಯ ಅನುಮಾನ ಎಫ್‌ಐವಿ ಮೇಲೆ, ಅಂದರೆ ಬೆಕ್ಕುಗಳ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್ಸಿನ ಮೇಲೆ. ಅದು ಹರಡುವ ಮುಖ್ಯ ದಾರಿಯೇ ಈ ಜಗಳ. ಜೊಲ್ಲಿನಲ್ಲಿರುವ ವೈರಸ್ ಆಳವಾದ ಕಡಿತದಿಂದ ಇನ್ನೊಂದು ಬೆಕ್ಕಿನ ಮೈ ಸೇರುತ್ತದೆ. ಬೀದಿ ಸುತ್ತುವ, ಸಂತಾನಹರಣದ ಆಪರೇಷನ್ ಆಗದ ಗಂಡುಗಳಲ್ಲಿ ಹೆಚ್ಚು ಕಾಣುವುದು ಅದಕ್ಕೇ. 1986ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ, ಹಲವು ಬೆಕ್ಕುಗಳನ್ನು ಸಾಕಿದ್ದ ಕಡೆ ಏಡ್ಸ್‌ನಂಥ ಕಾಯಿಲೆ ಕಾಣಿಸಿಕೊಂಡಾಗ ನೀಲ್ಸ್ ಪೆಡರ್ಸನ್, ಜಾನೆಟ್ ಯಾಮಮೊಟೊ ಮತ್ತು ಸಂಗಡಿಗರು ಈ ವೈರಸ್ಸನ್ನು ಪತ್ತೆಹಚ್ಚಿದರು. ಮನುಷ್ಯರ ಎಚ್‌ಐವಿಯ ಬಳಗದ್ದೇ ಆದರೂ ಇದು ಮನುಷ್ಯರಿಗೆ ಅಂಟುವುದಿಲ್ಲ. ಬೆಕ್ಕನ್ನು ಎದೆಗವಚಿಕೊಂಡು ಬಂದವರಿಗೆ ಈ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು.

ಸಹಾಯಕ ಹುಡುಗ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಒಂದು ಮುಂಗಾಲನ್ನಷ್ಟೇ ಹೊರಗೆ ಬಿಟ್ಟ. ರೋಮ ಬೋಳಿಸಿದ ಎರಡು ಬೆರಳಗಲದ ಜಾಗದಲ್ಲಿ ರಕ್ತನಾಳ ಹುಡುಕಿ ಸೂಜಿ ಚುಚ್ಚಿದ್ದಾಯಿತು. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಇಳಿಯಿತು. ಅದರಲ್ಲಿ ಚೂರನ್ನು ಕಿಟ್ಟಿನ ದ್ರಾವಣಕ್ಕೆ ಬೆರೆಸಿ ಬಿಳಿ ತಟ್ಟೆಯ ಗುಳಿಗಳಿಗೆ ಹನಿ ಬಿಟ್ಟರು. ನೀರಿಗೆ ತಾಗಿದ ಸೆರಗಿನಲ್ಲಿ ಒದ್ದೆ ಏರುವ ಹಾಗೆ ನಸುಗೆಂಪು ದ್ರವ ಪಟ್ಟಿಯ ಮೇಲೆ ಏರತೊಡಗಿತು.

ತಟ್ಟೆಯಲ್ಲಿ ಎರಡು ಕಿಟಕಿ. ಒಂದು ಬೆಕ್ಕಿನ ಲ್ಯುಕೇಮಿಯಾ ವೈರಸ್‌ನದು; ಅಲ್ಲಿ ಹುಡುಕುವುದು ವೈರಸ್ಸಿನ ಪ್ರೋಟೀನನ್ನೇ. ಇನ್ನೊಂದು ಎಫ್‌ಐವಿಯದು; ಆ ವೈರಸ್ ರಕ್ತದಲ್ಲಿ ಅಷ್ಟು ಧಾರಾಳವಾಗಿ ಸಿಗುವುದಿಲ್ಲ, ಹಾಗಾಗಿ ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತಾರೆ. ಹತ್ತು ನಿಮಿಷದಲ್ಲಿ ಎರಡೂ ಕಡೆ ‘ಸಿ’ ಗೆರೆ ಮೂಡಿತು, ಅಂದರೆ ಕಿಟ್ ಸರಿಯಾಗಿದೆ. ಎಫ್‌ಐವಿ ಕಿಟಕಿಯಲ್ಲಿ ಅದರ ಪಕ್ಕ ಇನ್ನೊಂದು ಗೆರೆ, ಪೆನ್ಸಿಲಿನಲ್ಲಿ ಎಳೆದಷ್ಟು ತೆಳ್ಳಗೆ. ತೆಳ್ಳಗಿದ್ದರೂ ಅದು ಪಾಸಿಟಿವ್.

“ಸಾಯ್ತಾನಾ ಡಾಕ್ಟ್ರೇ?”

“ಈ ಗೆರೆಯಿಂದ ಯಾರೂ ಸಾಯಲ್ಲಮ್ಮ. ಇಂಥ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿರ್ತವೆ.”

ಬರಿಯ ಪಾಸಿಟಿವ್ ಫಲಿತಾಂಶ ನೋಡಿ ಬೆಕ್ಕಿಗೆ ಸಾವಿನ ಸೂಜಿ ಕೊಡುವುದು ಘೋರ ಅನ್ಯಾಯ ಎಂದೇ ನಾನು ನಂಬಿದ್ದೇನೆ. ಮರಿಯಾಗಿದ್ದರೆ ಆ ಗೆರೆ ತಾಯಿಯ ಹಾಲಿನಿಂದ ಬಂದ ಪ್ರತಿಕಾಯದ್ದೂ ಆಗಿರಬಹುದು. ಆರು ತಿಂಗಳು ದಾಟಿದ ಮೇಲೆ ಮತ್ತೆ ನೋಡಬೇಕು. ಎಫ್‌ಐವಿ ಲಸಿಕೆ ಬಳಸಿದ ದೇಶಗಳಲ್ಲಿ ಲಸಿಕೆ ಹಾಕಿಸಿಕೊಂಡ ಆರೋಗ್ಯವಂತ ಬೆಕ್ಕೂ ಪಾಸಿಟಿವ್ ತೋರಿಸಬಹುದು. ಇನ್ನು ಮೊನ್ನೆಯಷ್ಟೇ ಕಚ್ಚಿಸಿಕೊಂಡದ್ದು ನೆಗೆಟಿವ್ ಬಂದರೆ ನಿಶ್ಚಿಂತೆಯಾಗುವಂತಿಲ್ಲ. ಪ್ರತಿಕಾಯ ಮೂಡಲು ವಾರಗಳೇ ಬೇಕು. 60 ದಿನ ಕಳೆದು ಇನ್ನೊಮ್ಮೆ ಪರೀಕ್ಷೆ. ಪಿಸಿಆರ್ ವೈರಸ್ಸಿನ ಜೀನನ್ನೇ ಹುಡುಕುತ್ತದೆ ನಿಜ, ಆದರೆ ಅದರ ಕಣ್ಣಿಗೂ ಕೆಲವು ತಪ್ಪಿಸಿಕೊಳ್ಳುತ್ತವೆ.

ಈ ಗಡವನ ವಯಸ್ಸು, ಕಡಿತ, ವಸಡು ಎಲ್ಲವೂ ಗೆರೆಯ ಕಡೆಗೇ ಸಾಕ್ಷಿ ಹೇಳುತ್ತಿದ್ದವು. ಆದರೂ ವೈದ್ಯೆ ಖಾತ್ರಿಗೆಂದು ಲ್ಯಾಬಿಗೆ ಕಳಿಸಲು ಉಳಿದ ರಕ್ತವನ್ನು ಫ್ರಿಜ್ಜಿನಲ್ಲಿಟ್ಟರು. ಊಟ ಬಿಟ್ಟಿದ್ದಕ್ಕೆ ಬಾಯಿನೋವೇ ಕಾರಣವಿರಬಹುದು, ಅದಕ್ಕೆ ಔಷಧಿ ಇದೆ ಎಂದರು. ಗಾಯ ತೊಳೆದು ಚೀಟಿ ಬರೆಯುತ್ತಾ, ಹುಷಾರಾದ ಮೇಲೆ ಆಪರೇಷನ್ ಮಾಡಿಸಿ ಮನೆಯೊಳಗೇ ಇಟ್ಟುಕೊಳ್ಳಬೇಕು, ಹಸಿ ಮಾಂಸ ಹಾಕಬಾರದು ಎಂದು ವಿವರಿಸಿದರು.

“ಮನೇಲಿ ಇನ್ನೊಂದು ಹೆಣ್ಣಿದೆ. ಇಬ್ರೂ ಒಂದೇ ಚಾಪೆ ಮೇಲೆ ಮಲಗ್ತಾರೆ.”

“ಕಚ್ಚಾಡ್ತಾರಾ?”

“ಇಲ್ಲಪ್ಪ, ಅವನ ಮುಖ ನೆಕ್ಕಿ ನೆಕ್ಕಿ ತೊಳೀತಾಳೆ.”

“ಹಾಗಾದ್ರೆ ಅಂಟೋ ಸಂಭವ ಕಮ್ಮಿ. ಆದ್ರೂ ನಾಳೆ ಅವಳನ್ನೂ ಕರ್ಕೊಂಡ್ಬನ್ನಿ, ನೋಡಿಬಿಡೋಣ.”