ಸಾಕೆಟ್ಟಿನೊಳಗಿನ ಬೇಸಿಗೆ

ಕೃತಕ ಕಾಲು ವಿತರಣೆಯ ಶಿಬಿರದ ಫೋಟೊ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ವೇದಿಕೆ, ಹಾರ, ಗಣ್ಯರು, ಹೊಸ ಕಾಲು ಹಾಕಿಕೊಂಡು ಸಾಲಾಗಿ ನಿಂತವರು. ಆ ಕಾಲು ನಿತ್ಯ ಬಳಕೆಗೆ ಬರುತ್ತದೋ ಅಟ್ಟ ಸೇರುತ್ತದೋ ಎಂಬುದು ಅಂದು ಗೊತ್ತಾಗುವುದಿಲ್ಲ. ಅದು ತೀರ್ಮಾನವಾಗುವುದು ಏಪ್ರಿಲ್‌ನಲ್ಲಿ, ರಾಯಚೂರು, ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟಿದ ಮೇಲೆ. ಕತ್ತರಿಸಿ ಉಳಿದ ಕಾಲನ್ನು ಆಸ್ಪತ್ರೆಯವರೂ ಹಾಕಿಕೊಳ್ಳುವವರೂ ಸ್ಟಂಪ್ ಎನ್ನುತ್ತಾರೆ. ಅದು ಕೂರುವ ಡಬ್ಬಿಯೇ ಸಾಕೆಟ್. ಗಾಳಿಯಾಡದ ಆ ಡಬ್ಬಿಯಲ್ಲಿ ಚರ್ಮ ಬೆವರಿನಲ್ಲಿ ನೆನೆದು, ಉಜ್ಜಿ, ಗುಳ್ಳೆ ಎದ್ದಿತೆಂದರೆ ಎಷ್ಟು ಚೆಂದದ ಕಾಲಾದರೂ ಬೇಡವಾಗುತ್ತದೆ.

ಇದು ಬಿಸಿಲುನಾಡಿನವರ ಗೋಳು ಮಾತ್ರ ಎಂದುಕೊಳ್ಳಬೇಡಿ. ಸ್ವೀಡನ್ನಿನ ಕೆರ್ಸ್ಟಿನ್ ಹಾಗ್‌ಬೆರ್ಗ್ ಮತ್ತು ರಿಕಾರ್ಡ್ ಬ್ರಾನೆಮಾರ್ಕ್ 2001ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ತೊಡೆಯ ಮಟ್ಟದಲ್ಲಿ ಕಾಲು ಕಳೆದುಕೊಂಡ 97 ಮಂದಿಯನ್ನು ಅವರು ವಿಚಾರಿಸಿದ್ದರು. ಬದುಕನ್ನು ಕಷ್ಟಕ್ಕೆ ದೂಡುವ ತೊಂದರೆ ಯಾವುದು ಎಂದರೆ ಶೇ 72ರಷ್ಟು ಮಂದಿ ಹೇಳಿದ್ದು ಸಾಕೆಟ್ಟಿನೊಳಗಿನ ಸೆಕೆ ಮತ್ತು ಬೆವರು. ಚರ್ಮದ ಹುಣ್ಣು, ಉರಿ ಶೇ 62. ಬೇಗ ನಡೆಯಲಾಗದು ಎಂಬ ದೂರು ಅದಕ್ಕೂ ಹಿಂದೆ. ಹಿಮ ಬೀಳುವ ದೇಶದ ಲೆಕ್ಕ ಇದು.

ಕಾರಣ ಸರಳ. ಕಾಲು ಹೋದರೆ ಮೈ ತಣಿಸುವ ಚರ್ಮವೂ ಅದರೊಂದಿಗೇ ಹೋಗುತ್ತದೆ. ಸುಟ್ಟಗಾಯದ ವೈದ್ಯರ ಲೆಕ್ಕದಲ್ಲಿ ಒಂದು ಇಡೀ ಕಾಲಿನ ಚರ್ಮ ಮೈಯ ಶೇ 18. ಅದರಲ್ಲಿ ಎಷ್ಟು ಹೋಯಿತೋ ಅಷ್ಟರ ಪಾಲಿನ ಬೆವರನ್ನೂ ಉಳಿದ ಚರ್ಮವೇ ಸುರಿಸಬೇಕು. ಕೃತಕ ಕಾಲಿನಲ್ಲಿ ನಡೆಯಲು ಶಕ್ತಿ ಹೆಚ್ಚು ಬೇಕು. ಮಂಡಿಯ ಮೇಲೆ ಕತ್ತರಿಸಿದವರಿಗೆ ಮತ್ತೂ ಹೆಚ್ಚು. ಹುಟ್ಟಿದ ಶಾಖವನ್ನು ಪ್ಲಾಸ್ಟಿಕ್ಕು, ಫೋಮು, ಸಿಲಿಕೋನು ಹೊರಗೆ ಬಿಡವು. ಸಾಕೆಟ್ಟಿನೊಳಗೆ ತಾಪಮಾಪಕ ಇಟ್ಟು ನೋಡಿದವರಿಗೆ ಕಂಡದ್ದು, ಸ್ವಲ್ಪ ಹೊತ್ತು ನಡೆದು ಆಮೇಲೆ ಒಂದು ಗಂಟೆ ಸುಮ್ಮನೆ ಕೂತರೂ ಸ್ಟಂಪಿನ ಶಾಖ ಮೊದಲಿನ ಮಟ್ಟಕ್ಕೆ ಇಳಿಯುವುದಿಲ್ಲ. ‘ಸ್ವಲ್ಪ ಕೂತು ಸುಧಾರಿಸಿಕೋ’ ಎನ್ನುವ ಮನೆಯವರಿಗೆ ಇದು ಗೊತ್ತಿರಬೇಕು. ಕಾಲು ಬಿಚ್ಚದೆ ಕೂತರೆ ಸುಧಾರಿಸುವುದು ಉಸಿರು ಮಾತ್ರ.

ಅದೂ ಅಲ್ಲದೆ ಸ್ಟಂಪಿನ ಚರ್ಮ ಭಾರ ಹೊರಲು ಹುಟ್ಟಿದ್ದಲ್ಲ. ಹಿಮ್ಮಡಿಯ ದಪ್ಪ ಅದಕ್ಕಿಲ್ಲ. ಒದ್ದೆಯಾಗಿ ಮೆದುವಾದ ಮೇಲೆ ಪ್ರತಿ ಹೆಜ್ಜೆಗೂ ಒಂದಿಷ್ಟು ಜಾರುತ್ತದೆ, ಒಂದಿಷ್ಟು ಉಜ್ಜುತ್ತದೆ.

ಜೈಪುರ ಕಾಲಿನ ಕತೆ ಎಲ್ಲರಿಗೂ ಗೊತ್ತು. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಡಾ. ಪಿ.ಕೆ. ಸೇಠಿ ಮತ್ತು ಮಾಸ್ಟರ್‌ಜೀ ಎಂದೇ ಹೆಸರಾದ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರೂಪಿಸಿದ ರಬ್ಬರ್ ಪಾದ. ಬರಿಗಾಲಲ್ಲಿ ಗದ್ದೆಗಿಳಿಯಬಹುದು, ಚಕ್ಕಳಮಕ್ಕಳ ಹಾಕಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1975ರಲ್ಲಿ ಡಿ.ಆರ್. ಮೆಹ್ತಾ ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಆ ಕಾಲನ್ನು ಉಚಿತವಾಗಿ ದೇಶದ ಮೂಲೆಮೂಲೆಗೆ ಒಯ್ದಿತು. ನರ್ತಕಿ ಸುಧಾ ಚಂದ್ರನ್ ಅದೇ ಕಾಲಿನಲ್ಲಿ ಮತ್ತೆ ಗೆಜ್ಜೆ ಕಟ್ಟಿದರು. ಇವೆಲ್ಲ ಪಾದದ ಕತೆ. ಹಾಕಿಕೊಂಡವರನ್ನು ಕೇಳಿದರೆ ಅವರ ಮಾತೆಲ್ಲ ಸಾಕೆಟ್ಟಿನದು. ಪಾದ ಕಾರ್ಖಾನೆಯಿಂದ ಅಳತೆಗೆ ತಕ್ಕಂತೆ ಬರುತ್ತದೆ, ಸಾಕೆಟ್ ಒಬ್ಬೊಬ್ಬರಿಗೂ ಬೇರೆ. ಈ ಕಸುಬಿನ ಕೈಚಳಕವೆಲ್ಲ ಇರುವುದು ಅಲ್ಲಿ.

ಮಂಡಿಯ ಕೆಳಗೆ ಕತ್ತರಿಸಿದವರಿಗೆ ಸಾಕೆಟ್ ಮಾಡುವುದು ಹೀಗೆ. ಕೃತಕ ಕಾಲು ಮಾಡುವ ಪ್ರಾಸ್ಥೆಟಿಸ್ಟ್ ಸ್ಟಂಪಿಗೆ ತೆಳ್ಳನೆಯ ಚೀಲ ತೊಡಿಸಿ, ಒದ್ದೆ ಮಾಡಿ, ಅಳಿಸದ ನೇರಳೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಾರೆ: ಮಂಡಿಚಿಪ್ಪಿನ ಅಂಚು, ಮುಂಗಾಲಿನ ಎಲುಬಿನ ಏಣು, ಮಂಡಿಯ ಹೊರಬದಿಯಲ್ಲಿ ಗುಂಡಗೆ ಕೈಗೆ ಸಿಗುವ ಎಲುಬಿನ ತಲೆ, ನೋಯುವ ಜಾಗ. ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜು ಸುತ್ತಿ, ಒಣಗುವ ಮೊದಲು ಮಂಡಿಚಿಪ್ಪಿನ ಕೆಳಗೆ ಎರಡು ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ಬಿಚ್ಚಿದಾಗ ನೇರಳೆ ಗೆರೆಗಳೆಲ್ಲ ಪ್ಲಾಸ್ಟರಿನ ಒಳಮೈಗೆ ಇಳಿದಿರುತ್ತವೆ. ಅದರೊಳಗೆ ಮತ್ತೆ ಪ್ಲಾಸ್ಟರು ಹೊಯ್ದರೆ ಕಾಲಿನ ಪ್ರತಿರೂಪ ಸಿಗುತ್ತದೆ, ಗುರುತುಗಳ ಸಮೇತ.

ಕಸುಬು ಶುರುವಾಗುವುದು ಆಮೇಲೆ. ಭಾರ ತಡೆಯಬಲ್ಲ ಜಾಗದಲ್ಲಿ, ಮುಖ್ಯವಾಗಿ ಹೆಬ್ಬೆರಳು ಒತ್ತಿದ ಕಡೆ, ಅಚ್ಚನ್ನು ಅರದಿಂದ ಕೆರೆದು ತಗ್ಗಿಸುತ್ತಾರೆ. ಎಲುಬು ಎದ್ದ ಕಡೆ ಪ್ಲಾಸ್ಟರು ಮೆತ್ತಿ ಉಬ್ಬಿಸುತ್ತಾರೆ. ಒಂದೆರಡು ಮಿಲಿಮೀಟರು ಆಚೀಚೆಯಾದರೂ ಚರ್ಮ ಪತ್ತೆ ಹಚ್ಚುತ್ತದೆ. ಭಾರವನ್ನು ಮಂಡಿಚಿಪ್ಪಿನ ಕೆಳಗಿನ ಗಟ್ಟಿ ಸ್ನಾಯುಪಟ್ಟಿಯ ಮೇಲೆ ಹೊರಿಸುವ ಈ ಪದ್ಧತಿ 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ರೂಪುಗೊಂಡಿತು. ಜೈಪುರದವರು ಅಚ್ಚಿನ ಮೇಲೆ ಎಚ್‌ಡಿಪಿಇ ಕೊಳವೆಯ ತುಂಡನ್ನು, ಅಂದರೆ ನೀರು ಸಾಗಿಸುವ ಕೊಳವೆಯ ಪ್ಲಾಸ್ಟಿಕ್ಕನ್ನೇ, ಒಲೆಯಲ್ಲಿ ಮೆತ್ತಗಾಗುವಷ್ಟು ಕಾಯಿಸಿ ಎಳೆದು ತೊಡಿಸುತ್ತಾರೆ. ಅಗ್ಗ, ಹಗುರ, ನೀರಿಗೆ ಹೆದರದು. ಹೊರಗಿನ ನೀರನ್ನು ತಡೆಯುವ ಅದೇ ಗುಣ ಒಳಗಿನ ನೀರನ್ನೂ ತಡೆದು ಕೂರಿಸುತ್ತದೆ.

ಸಾಕೆಟ್ ಸಡಿಲವಾದಷ್ಟೂ ಗಾಳಿ ಆಡುತ್ತದೆ ಎಂದು ಅನೇಕರು ನಂಬಿದ್ದಾರೆ. ಆಗುವುದು ತದ್ವಿರುದ್ಧ. ಸಡಿಲವಾದರೆ ಸ್ಟಂಪು ಒಳಗೆ ಮೇಲೆ ಕೆಳಗೆ ಆಡುತ್ತದೆ, ಆಡಿದಷ್ಟೂ ಬಿಸಿ, ಬಿಸಿಯಾದಷ್ಟೂ ಬೆವರು. ದಿನ ಏರಿದಂತೆ ಸ್ಟಂಪು ಒಂದಿಷ್ಟು ಕುಗ್ಗುವುದೂ ಸಹಜ. ಬೆಳಿಗ್ಗೆ ಸರಿಯಿದ್ದ ಕಾಲು ಸಂಜೆ ಲೊಡಲೊಡ ಎಂದರೆ ಸ್ಟಂಪಿಗೆ ತೊಡುವ ಬಟ್ಟೆಯ ಚೀಲ ಇನ್ನೊಂದು ಸೇರಿಸಿಕೊಳ್ಳಬೇಕು.

ಈಗ ಲೈನರ್. ಮೇಲಕ್ಕೆ ಸುರುಳಿ ಬಿಚ್ಚಿ ತೊಡುವ ಸಿಲಿಕೋನ್ ಕವಚ ಇದು. ಅದನ್ನು 1980ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಐಸ್‌ಲ್ಯಾಂಡಿನ ಓಸುರ್ ಕ್ರಿಸ್ಟಿನ್ಸನ್. ಸ್ವತಃ ಕೃತಕ ಕಾಲು ಹಾಕುತ್ತಿದ್ದ ಪ್ರಾಸ್ಥೆಟಿಸ್ಟ್. ಚರ್ಮಕ್ಕೆ ಅಂಟಿ ನಿಲ್ಲುವುದರಿಂದ ಉಜ್ಜಾಟ ಚರ್ಮಕ್ಕೂ ಸಾಕೆಟ್ಟಿಗೂ ನಡುವೆ ನಡೆಯದೆ ಲೈನರಿನ ಹೊರಮೈಗೆ ಹೋಗುತ್ತದೆ; ದೊಡ್ಡ ಉಪಕಾರವೇ. ಆದರೆ ಆರ್ಕ್ಟಿಕ್ ವೃತ್ತದ ಅಂಚಿನಲ್ಲಿ ಹುಟ್ಟಿದ ವಸ್ತು ಸಿಂಧನೂರಿನ ಭತ್ತದ ಗದ್ದೆಗೆ ಬಂದರೆ ಸೆಕೆ ತಡೆಯಬೇಕೆಂದು ಬಯಸುವುದು ಅತಿಯಾಸೆ. ಬೆವರು ತುಂಬಿದಾಗ ಹಿಡಿತ ತಪ್ಪಿ ಲೈನರು ಜಾರುತ್ತದೆ, ಕೆಲವೊಮ್ಮೆ ನಡೆಯುತ್ತಿದ್ದಂತೆಯೇ. ಬೆವರು ಹೊರಬರಲೆಂದು ಲೇಸರಿನಿಂದ ಸಣ್ಣ ರಂಧ್ರ ಕೊರೆದ ಲೈನರುಗಳು, ಶಾಖ ಹೀರಿಟ್ಟುಕೊಳ್ಳುವ ಪದಾರ್ಥ ಬೆರೆಸಿದವು ಈಚೆಗೆ ಬಂದಿವೆ. ಬೆಲೆ ಕೇಳಿದವರಿಗೆ ಇನ್ನಷ್ಟು ಬೆವರು. ಸಾಮಾನ್ಯ ಲೈನರಿಗೇ ಹತ್ತಾರು ಸಾವಿರ ರೂಪಾಯಿ.

ಹಾಗಾಗಿ ಬಹುಪಾಲು ಜನ ನೆಚ್ಚಬೇಕಾದ್ದು ದಿನಚರಿಯನ್ನೇ. ಸ್ಟಂಪನ್ನು ತೊಳೆಯುವ ಹೊತ್ತು ರಾತ್ರಿ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಆರುವ ಮೊದಲೇ ಕಾಲು ಹಾಕಿದರೆ ನೆನೆದ ಚರ್ಮ ಸಾಕೆಟ್ಟಿಗೆ ಅಂಟುತ್ತದೆ. ಸಾಬೂನು ಸೌಮ್ಯವಾಗಿರಲಿ, ಪೂರ್ತಿ ತೊಳೆದು ಹೋಗಲಿ. ಕೊಬ್ಬರಿ ಎಣ್ಣೆ ಹಚ್ಚುವವರು ಮಲಗುವಾಗ ಹಚ್ಚಲಿ, ಬೆಳಿಗ್ಗೆ ಬೇಡ. ಕೂದಲು ಬೋಳಿಸುವುದಂತೂ ಬೇಡವೇ ಬೇಡ. ಮತ್ತೆ ಮೊಳೆಯುವ ಕೂದಲು ಬುಡದಲ್ಲಿ ಕೀವುಗುಳ್ಳೆ ಎಬ್ಬಿಸುತ್ತದೆ. ಟಾಲ್ಕಂ ಪೌಡರ್ ಸುರಿದುಕೊಳ್ಳುವವರು ಬಹಳ. ಬೆವರು ಸೇರಿದ ಪೌಡರು ಕಲಸಿದ ಹಿಟ್ಟಿನಂತೆ ಗಂಟುಗಂಟಾಗಿ, ಆ ಗಂಟೇ ಚರ್ಮ ಕೆರೆಯುತ್ತದೆ. ಚೀಲ ದಿನಾ ಒಗೆಯಬೇಕು, ಲೈನರನ್ನೂ ದಿನಾ ತೊಳೆದು ನೆರಳಲ್ಲಿ ಆರಿಸಬೇಕು. ಮಧ್ಯಾಹ್ನ ಒಂದು ಸಲ ಕಾಲು ಬಿಚ್ಚಿ, ಸ್ಟಂಪು, ಲೈನರ್ ಎರಡನ್ನೂ ಒರೆಸಿ, ಒಣ ಚೀಲ ತೊಟ್ಟರೆ ಸಂಜೆಯವರೆಗೆ ನಿಶ್ಚಿಂತೆ. ಇದಕ್ಕೆ ಐದೋ ಹತ್ತೋ ನಿಮಿಷ ಸಾಕು, ಆದರೆ ಮರೆಯ ಜಾಗ ಬೇಕು. ಬಸ್ ನಿಲ್ದಾಣದಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಒಬ್ಬ ಹೆಣ್ಣುಮಗಳು ಎಲ್ಲಿ ಕೂತು ಕಾಲು ಬಿಚ್ಚಬೇಕು? ಸೌಕರ್ಯ ಎಂದರೆ ರ‍್ಯಾಂಪ್ ಒಂದೇ ಎಂದು ತಿಳಿದಿರುವ ನಮ್ಮ ಅಧಿಕಾರಿಗಳಿಗೆ ಈ ಪ್ರಶ್ನೆ ಇನ್ನೂ ಹೊಳೆದಂತಿಲ್ಲ.

ಇಷ್ಟಕ್ಕೂ ಬಗ್ಗದ ಬೆವರಿಗೆ ಚರ್ಮವೈದ್ಯರ ಬಳಿ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವಿದೆ. ಗಾಯವಿಲ್ಲದ, ಪೂರ್ತಿ ಒಣಗಿದ ಚರ್ಮಕ್ಕೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯುವಂಥದ್ದು. ಬೊಟುಲಿನಂ ಚುಚ್ಚುಮದ್ದೂ ಉಂಟು. ಗುಣ ಕೆಲವು ತಿಂಗಳು ಮಾತ್ರ, ಖರ್ಚು ದೊಡ್ಡದು. ಸಾಕೆಟ್ಟನ್ನೇ ಕಿತ್ತೆಸೆದ ದಾರಿಯೂ ಸ್ವೀಡನ್ನಿನದೇ. ತೊಡೆಯೆಲುಬಿನೊಳಗೆ ಟೈಟಾನಿಯಂ ಕಂಬಿ ಕೂರಿಸಿ ಕಾಲನ್ನು ನೇರ ಎಲುಬಿಗೇ ಜೋಡಿಸುವ ಶಸ್ತ್ರಚಿಕಿತ್ಸೆ ಅಲ್ಲಿ 1990ರಲ್ಲಿ ಮೊದಲಾಯಿತು. ಬೆವರಿನ ಸಮೀಕ್ಷೆ ಮಾಡಿದ ಬ್ರಾನೆಮಾರ್ಕ್ ಆ ಚಿಕಿತ್ಸೆಯ ಮುಂಚೂಣಿಯ ಶಸ್ತ್ರವೈದ್ಯರು. ಕಂಬಿ ಚರ್ಮ ಸೀಳಿ ಹೊರಬರುವ ಜಾಗದಲ್ಲಿ ಸೋಂಕಿನ ಭಯ ಮಾತ್ರ ಜೀವಮಾನಪೂರ್ತಿ.

ಬಿಚ್ಚಿದಾಗ ಕಾಣುವ ಕೆಂಪು ಹತ್ತಿಪ್ಪತ್ತು ನಿಮಿಷದಲ್ಲಿ ಮಾಯವಾಗದಿದ್ದರೆ ತಪ್ಪು ಚರ್ಮದ್ದಲ್ಲ, ಸಾಕೆಟ್ಟಿನದು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಿಗೆ ನೋವೇ ತಿಳಿಯದಿರಬಹುದು. ಅವರು ದಿನಾ ಕನ್ನಡಿ ಹಿಡಿದು ಸ್ಟಂಪಿನ ತಳ ನೋಡಿಕೊಳ್ಳಬೇಕು. ನೀರೊಡೆದ ಗುಳ್ಳೆ ಕಂಡರೆ ಅಂದು ಕಾಲು ಹಾಕದಿರುವುದೇ ಮದ್ದು.

ಸಾಕೆಟ್ ತಿದ್ದಿಸಲು ಜೈಪುರಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಕಾಲು ಮಾಡುವುದರ ಜೊತೆಗೆ ಮಾಡುವವರನ್ನೂ ತಯಾರು ಮಾಡುತ್ತದೆ. ಹುಬ್ಬಳ್ಳಿಯಲ್ಲಿ ಮಹಾವೀರ ಲಿಂಬ್ ಸೆಂಟರ್ ಇದೆ. ಎಲ್ಲೇ ಹೋಗಿ, ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತೀರಿ, ಬಿಸಿಲಲ್ಲೋ ನೆರಳಲ್ಲೋ ಎಂದು ಅಳತೆಗೆ ಮೊದಲೇ ಹೇಳಿ. ಒಂದೇ ಚೀಲ ಕೊಟ್ಟರೆ ಸುಮ್ಮನಿರದೆ ಬದಲಿಗೆ ಇನ್ನೆರಡು ಕೇಳಿ. ಊರಲ್ಲೇ ಹತ್ತಿ ಬಟ್ಟೆಯಲ್ಲಿ ಹೊಲಿಸುವುದಾದರೆ ಹೊಲಿಗೆಯ ಗಂಟು ಹೊರಮೈಗೆ ಬರಬೇಕೆಂದು ದರ್ಜಿಗೆ ತಾಕೀತು ಮಾಡಿ. ಸ್ಟಂಪಿನ ತುದಿಯಲ್ಲಿ ಒಳಗೆ ಬಂದ ಒಂದು ಎಳೆ ಹೊಲಿಗೆ ಒಂದೇ ದಿನದಲ್ಲಿ ಚರ್ಮ ಕಿತ್ತುಬಿಡುತ್ತದೆ.