ಇಚಲಕರಂಜಿಯ ಮಗ್ಗ, ಗಡಹಿಂಗ್ಲಜದ ಹುಡುಗ ಮತ್ತು ‘ಫ್ರೇಮ್‌ವರ್ಕ್’ ಹುಟ್ಟಿದ ಕಥೆ

ಕಳೆದ ವರ್ಷ ಬಟ್ಟೆ ವ್ಯಾಪಾರದ ನನ್ನ ಮಾವನ ಜೊತೆ ಇಚಲಕರಂಜಿಗೆ ಹೋಗಿದ್ದೆ. ಬೆಳಗಾವಿಯಿಂದ ಸಂಕೇಶ್ವರ, ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಲಾಪುರ ಜಿಲ್ಲೆಯ ಊರು ಅದು. 1904ರಲ್ಲಿ ವಿಠ್ಠಲರಾವ್ ದಾತಾರ್ ಎಂಬವರು ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಈಗ ಊರನ್ನು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಅಂತಲೇ ಕರೆಯುತ್ತಾರೆ. ಗಲ್ಲಿಗೆ ಕಾಲಿಟ್ಟರೆ ಸಾಕು, ಮಗ್ಗಗಳ ಖಟ್ ಖಟ್ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ.

ನಮ್ಮ ದೂರದ ಸಂಬಂಧಿಕರೊಬ್ಬರು ಗಡಹಿಂಗ್ಲಜದಲ್ಲಿ ಹಣ್ಣಿನ ವ್ಯಾಪಾರ ಮಾಡಿಕೊಂಡು ನೆಲೆಸಿದ್ದಾರೆ. ಅವರ ಮಗ ಕೊಲ್ಲಾಪುರದಲ್ಲಿ ಬಿಸಿಎ ಓದುತ್ತಾನೆ. ನಮಗೆ ಊರು ತೋರಿಸಲು ಅವನೂ ಬಂದಿದ್ದ. ಚಾ ಕುಡಿಯುವಾಗ ಕೇಳಿದ: “ಕಾಕ, ಒಬ್ಬರು ರಿಯಾಕ್ಟ್ ಕಲಿ ಅಂತಾರೆ, ಇನ್ನೊಬ್ಬರು ಫ್ಲಟರ್ ಅಂತಾರೆ. ಒಂದೊಂದಕ್ಕೂ ಬೇರೆ ಬೇರೆ ಫೀಸು. ಬಾಪ ಎಷ್ಟೂಂತ ಕೊಡ್ತಾರೆ? ಅಸಲಿಗೆ ಈ ಫ್ರೇಮ್‌ವರ್ಕ್ ಅಂದ್ರೆ ಏನು?”

ಉತ್ತರ ನಮ್ಮ ಎದುರಿಗೇ ಇತ್ತು. ಆ ಶೆಡ್ಡಿನ ಒಂದು ಮಗ್ಗಕ್ಕೆ ಮೇಲೆ ಡಾಬಿ ಜೋಡಿಸಿದ್ದರು. ಮರದ ಸಣ್ಣ ಪಟ್ಟಿಗಳ ಸರಪಳಿ, ಪಟ್ಟಿಗಳಲ್ಲಿ ಅಲ್ಲಲ್ಲಿ ಗೂಟಗಳು. ಮಗ್ಗ ತನ್ನ ಪಾಡಿಗೆ ಓಡುತ್ತದೆ, ಲಾಳಿ ಹೋಗಿ ಬರುತ್ತದೆ. ಪ್ರತಿ ಸುತ್ತಿಗೂ ಅದು ಗೂಟ ಇದೆಯಾ ಇಲ್ವಾ ಅಂತ ನೋಡುತ್ತದೆ. ಇದ್ದರೆ ಆ ಹಾಸಿನ ಎಳೆಗಳು ಮೇಲೇಳುತ್ತವೆ, ಅಂಚಿನಲ್ಲಿ ಡಿಸೈನ್ ಮೂಡುತ್ತದೆ. ಡಿಸೈನ್ ಮಾಡುವವನು ಮಗ್ಗವನ್ನು ಓಡಿಸುವುದಿಲ್ಲ, ಗೂಟ ಮಾತ್ರ ಚುಚ್ಚುತ್ತಾನೆ. ಮಗ್ಗವೇ ಅವನ ಗೂಟವನ್ನು ಹುಡುಕಿಕೊಂಡು ಬರುತ್ತದೆ.

ಫ್ರೇಮ್‌ವರ್ಕ್ ಅಂದರೆ ಆ ಮಗ್ಗ. ನಾವು ಬರೆಯುವ ಕೋಡ್ ಆ ಗೂಟ.

ಲೈಬ್ರರಿಗೂ ಫ್ರೇಮ್‌ವರ್ಕಿಗೂ ಇರುವ ವ್ಯತ್ಯಾಸ ಇದೇ. ಲೈಬ್ರರಿ ಅಂದರೆ ಕತ್ತರಿ, ಸೂಜಿ ಇದ್ದ ಹಾಗೆ, ಬೇಕಾದಾಗ ನಾವು ಕೈಗೆತ್ತಿಕೊಳ್ಳುತ್ತೇವೆ. ಫ್ರೇಮ್‌ವರ್ಕಿನಲ್ಲಿ ಅದು ಉಲ್ಟಾ. ಪ್ರೋಗ್ರಾಮರ್‌ಗಳು ತಮಾಷೆಗೆ ಇದನ್ನು ಹಾಲಿವುಡ್ ಸೂತ್ರ ಅನ್ನುತ್ತಾರೆ. ಸಿನಿಮಾದವರು ಚಾನ್ಸ್ ಕೇಳಿ ಬಂದವರಿಗೆ “ನೀವು ಫೋನ್ ಮಾಡಬೇಡಿ, ಬೇಕಾದರೆ ನಾವೇ ಮಾಡ್ತೇವೆ” ಅಂತಾರಲ್ಲ, ಹಾಗೆ.

ಇದು ಹುಟ್ಟಿದ್ದು ಒಂದು ತಲೆನೋವಿನಿಂದ. ಮೊದಲಿನ ಕಂಪ್ಯೂಟರ್‌ಗಳಲ್ಲಿ ಪ್ರೋಗ್ರಾಮ್ ಪ್ರಶ್ನೆ ಕೇಳುತ್ತಿತ್ತು, ನಾವು ಉತ್ತರ ಟೈಪ್ ಮಾಡುತ್ತಿದ್ದೆವು. ಪ್ರೋಗ್ರಾಮ್ ಯಜಮಾನ, ನಾವು ಆಳು. ಮೌಸ್ ಬಂದದ್ದೇ ತಡ, ಎಲ್ಲ ತಲೆಕೆಳಗಾಯಿತು. ಬಳಸುವವನು ಯಾವ ಹೊತ್ತಿಗೆ ಎಲ್ಲಿ ಒತ್ತುತ್ತಾನೋ ಹೇಳುವ ಹಾಗಿಲ್ಲ. ಮೆನು ತೆರೆಯಬಹುದು, ಕಿಟಕಿ ಎಳೆಯಬಹುದು, ನಡುವೆ ಪ್ರಿಂಟ್ ಕೊಡಬಹುದು. 1984ರ ಜನವರಿಯಲ್ಲಿ ಆ್ಯಪಲ್‌ನ ಮ್ಯಾಕಿಂಟಾಷ್ ಬಂದಾಗ ಅದರಲ್ಲಿದ್ದ ಮೆಮೊರಿ ಬರೀ 128 ಕೆಬಿ. ಈಗಿನ ಒಂದು ವಾಟ್ಸ್ಆ್ಯಪ್ ಫೋಟೋ ಕೂಡ ಕೆಲವೊಮ್ಮೆ ಅದಕ್ಕಿಂತ ದೊಡ್ಡದಿರುತ್ತದೆ! ಅಷ್ಟರಲ್ಲೇ ಪ್ರೋಗ್ರಾಮ್ ಸದಾ ಸುತ್ತು ಹೊಡೆಯುತ್ತಾ “ಈಗೇನಾಯ್ತು? ಮೌಸ್ ಒತ್ತಿದ್ರಾ? ಎಲ್ಲಿ? ಮೆನುವಿನಲ್ಲಾ, ಕಿಟಕಿಯ ಮೂಲೆಯಲ್ಲಾ?” ಅಂತ ನೋಡುತ್ತಲೇ ಇರಬೇಕು. ಏನೂ ಮಾಡದ ಒಂದು ಖಾಲಿ ಕಿಟಕಿಗೂ ಇಷ್ಟೆಲ್ಲ ಬರೆಯಬೇಕಿತ್ತು. ಪ್ರತಿಯೊಬ್ಬ ಪ್ರೋಗ್ರಾಮರ್ ಇದನ್ನೇ ಮತ್ತೆ ಮತ್ತೆ ಬರೆಯುತ್ತಿದ್ದ, ಒಬ್ಬೊಬ್ಬರದು ಒಂದೊಂದು ತರ.

ನಮ್ಮ ಕನ್ನಡದವರಿಗೆ ಈ ಕಷ್ಟ ಹೊಸತಲ್ಲ. ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಡಾಸ್ ಕಾಲದಲ್ಲೇ ‘ಸೇಡಿಯಾಪು’ ತಂತ್ರಾಂಶ ಮಾಡಿದವರು. ಆ ಕಾಲದ ಕಂಪ್ಯೂಟರ್‌ಗೆ ಕನ್ನಡವೇ ಬರುತ್ತಿರಲಿಲ್ಲ. ಅಕ್ಷರ ಚಿತ್ರಿಸುವುದರಿಂದ ಕೀಲಿಮಣೆಯವರೆಗೆ ಎಲ್ಲವನ್ನೂ ಮಾಡುವವನೇ ಹೊಂದಿಸಬೇಕು. ಈಗ ನಾವು ಮೊಬೈಲಿನಲ್ಲಿ ಪಟಪಟ ಕನ್ನಡ ಒತ್ತುತ್ತೇವೆ, ಕೆಳಗೆ ಯಾರೋ ಮಗ್ಗ ಹಾಕಿಟ್ಟಿದ್ದಾರೆ ಅನ್ನುವುದು ಗೊತ್ತೇ ಆಗುವುದಿಲ್ಲ.

ಪರಿಹಾರದ ಬೀಜ ದೂರದಿಂದ ಬಂತು. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ‘ಸಿಮುಲಾ’ ಭಾಷೆಯಲ್ಲಿ ಕ್ಲಾಸ್, ಆಬ್ಜೆಕ್ಟ್ ಅನ್ನುವುದನ್ನು ತಂದರು. ಕ್ಲಾಸ್ ಅಂದರೆ ಕೊಲ್ಲಾಪುರದ ಫೌಂಡ್ರಿಗಳಲ್ಲಿ ಎರಕ ಹೊಯ್ಯಲು ಇಟ್ಟುಕೊಳ್ಳುವ ಅಚ್ಚಿನ ಹಾಗೆ. ಅದರಿಂದ ಹೊಯ್ದ ಒಂದೊಂದು ಬಿಡಿಭಾಗ ಆಬ್ಜೆಕ್ಟ್. ಆದರೆ ಇಲ್ಲಿ ಒಂದು ಹೆಚ್ಚುವರಿ ಸೌಕರ್ಯ ಉಂಟು. ಹಳೆಯ ಅಚ್ಚನ್ನು ಹಾಗೇ ಇಟ್ಟು, “ಎಲ್ಲ ಅದರಂತೆಯೇ, ಈ ಒಂದು ತೂತು ಮಾತ್ರ ಬೇರೆ” ಅಂತ ಹೊಸ ಅಚ್ಚು ಮಾಡಬಹುದು. ಫ್ರೇಮ್‌ವರ್ಕ್ ನಿಂತಿರುವುದೇ ಈ ಸೌಕರ್ಯದ ಮೇಲೆ. ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಆ್ಯಲನ್ ಕೇ ಮತ್ತು ಸಂಗಡಿಗರು ‘ಸ್ಮಾಲ್‌ಟಾಕ್’ನಲ್ಲಿ ಇದನ್ನು ಕಿಟಕಿ, ಮೆನು, ಮೌಸ್ ಜೊತೆ ಬೆರೆಸಿದರು.

ಅಲ್ಲಿಂದ ಆ್ಯಪಲ್‌ಗೆ ಬಂದವರು ಲ್ಯಾರಿ ಟೆಸ್ಲರ್. ಕಟ್-ಕಾಪಿ-ಪೇಸ್ಟ್ ನಮಗೆ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು. 1983ರಲ್ಲಿ ಆ್ಯಪಲ್ ‘ಲೀಸಾ’ ಕಂಪ್ಯೂಟರ್ ತಂದಿತು, ಬೆಲೆ 9,995 ಡಾಲರ್. ಅದಕ್ಕಾಗಿ ಪಾಸ್ಕಲ್ ಭಾಷೆಗೆ ಕ್ಲಾಸ್ ಸೇರಿಸಿ ‘ಕ್ಲಾಸ್ಕಲ್’ ಮಾಡಿದರು, ಅದರ ಮೇಲೆ ‘ಲೀಸಾ ಟೂಲ್‌ಕಿಟ್’ ಕಟ್ಟಿದರು. ಅಷ್ಟು ದುಡ್ಡು ಕೊಟ್ಟು ಕೊಳ್ಳುವವರು ಬೇಕಲ್ಲ? ಲೀಸಾ ಮುಗ್ಗರಿಸಿತು, ಟೂಲ್‌ಕಿಟ್ ಅದರ ಜೊತೆಗೇ ಹೋಯಿತು. ಆದರೆ ವಿಚಾರ ಉಳಿಯಿತು. ಪಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ತ್ ಅವರ ಸಲಹೆ ಪಡೆದು ‘ಆಬ್ಜೆಕ್ಟ್ ಪಾಸ್ಕಲ್’ ತಯಾರಾಯಿತು. 1980ರ ದಶಕದ ನಡುವೆ ಮ್ಯಾಕಿಂಟಾಷ್‌ಗೆ ‘ಮ್ಯಾಕ್ಆ್ಯಪ್’ ಬಂತು.

ಮ್ಯಾಕ್ಆ್ಯಪ್ ಹೇಗಿತ್ತು ಅಂದರೆ, ಪೂರ್ತಿ ಓಡುವ ಒಂದು ಖಾಲಿ ಆ್ಯಪ್ ನಿಮ್ಮ ಕೈಗೆ ಕೊಡುತ್ತಿತ್ತು. ಕಿಟಕಿ, ಮೆನು, ಫೈಲ್ ತೆರೆಯುವುದು, ಪ್ರಿಂಟು, ಎಲ್ಲ ಮೊದಲೇ ಸಿದ್ಧ. ಇಡೀ ಆ್ಯಪ್‌ಗೆ ಒಂದು ಕ್ಲಾಸ್, ದಾಖಲೆಗೆ ಒಂದು, ಪರದೆಯ ಮೇಲಿನ ನೋಟಕ್ಕೆ ಒಂದು. ನೀವು ನೋಟದ ಕ್ಲಾಸಿನಲ್ಲಿ ‘ಡ್ರಾ’ ಅನ್ನುವ ಒಂದು ಭಾಗವನ್ನು ನಿಮ್ಮದಾಗಿ ಬರೆದರಾಯಿತು, ಯಾವಾಗ ಚಿತ್ರ ಬಿಡಿಸಬೇಕು ಅಂತ ಮ್ಯಾಕ್ಆ್ಯಪ್ಪೇ ನಿಮ್ಮನ್ನು ಕರೆಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಕಮಾಂಡ್’ ಎಂಬ ಕ್ಲಾಸ್. ಬಳಸುವವನು ಮಾಡುವ ಪ್ರತಿ ಕೆಲಸವೂ ಒಂದು ಆಬ್ಜೆಕ್ಟ್. ಅದಕ್ಕೆ ಮಾಡುವುದೂ ಗೊತ್ತು, ಮಾಡಿದ್ದನ್ನು ಹಿಂದೆ ತೆಗೆಯುವುದೂ ಗೊತ್ತು. ನಾವು ಈಗ ಕಣ್ಣು ಮುಚ್ಚಿ ಒತ್ತುವ ‘ಅನ್‌ಡೂ’ ಎಲ್ಲ ಆ್ಯಪ್‌ಗಳಲ್ಲಿ ಒಂದೇ ತರ ಇರಲು ಇಂಥ ಏರ್ಪಾಡೇ ಕಾರಣ.

ಮ್ಯಾಕ್ಆ್ಯಪ್‌ನಿಂದ ಹುಟ್ಟಿದ ಒಂದು ಮಗುವನ್ನು ಎಲ್ಲರೂ ಬಲ್ಲರು. ಮದುವೆ ಆಲ್ಬಂ ಮಾಡುವ ನಮ್ಮೂರ ಪ್ರತಿ ಸ್ಟುಡಿಯೋದಲ್ಲೂ ಅದು ಉಂಟು, ಫೋಟೋಶಾಪ್! ಥಾಮಸ್ ನಾಲ್ ಬರೆದ ಅದರ ಮೊದಲ ಆವೃತ್ತಿಯನ್ನು 1990ರಲ್ಲಿ ಅಡೋಬಿ ಬಿಡುಗಡೆ ಮಾಡಿತು. 2013ರಲ್ಲಿ ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 1.0.1 ಆವೃತ್ತಿಯ ಕೋಡ್ ಎಲ್ಲರಿಗೂ ಓದಲು ಕೊಟ್ಟಿತು. ಸುಮಾರು 1,28,000 ಸಾಲು, ಅದರ ಮುಕ್ಕಾಲು ಪಾಲು ಪಾಸ್ಕಲ್. ಆದರೆ ಮ್ಯಾಕ್ಆ್ಯಪ್‌ನ ಭಾಗ ಅದರಲ್ಲಿ ಇರಲಿಲ್ಲ, ಅದು ಆ್ಯಪಲ್‌ನ ಸ್ವತ್ತು. ಬಟ್ಟೆ ನೇಯ್ದವನು ಬಟ್ಟೆ ತೋರಿಸಬಹುದು, ಇನ್ನೊಬ್ಬರ ಮಗ್ಗವನ್ನು ಹಂಚಲಿಕ್ಕೆ ಬರುವುದಿಲ್ಲ.

ನಮ್ಮ ದೇಶದ ಹುಡುಗರಿಗೆ ಇದರ ದರ್ಶನ ಆದದ್ದು ಬೇರೆ ಬಾಗಿಲಿನಿಂದ. ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಆ ನೀಲಿ ಪರದೆ ನೆನಪಿರಬೇಕಲ್ಲ? ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ ಪ್ಲಸ್ ಪ್ಲಸ್. ಅದೇ ಕಂಪನಿ 1990ರಲ್ಲಿ ಟರ್ಬೋ ಪಾಸ್ಕಲ್ 6 ಜೊತೆ ‘ಟರ್ಬೋ ವಿಷನ್’ ಎಂಬ ಫ್ರೇಮ್‌ವರ್ಕ್ ಕೊಟ್ಟಿತ್ತು. ಚಿತ್ರವೇ ಇಲ್ಲ, ಬರೀ ಅಕ್ಷರಗಳಿಂದ ಗೀಚಿದ ಕಿಟಕಿ, ನೆರಳು, ಮೆನು. ಆ ನೀಲಿ ಪರದೆಯ ತಂತ್ರಾಂಶಗಳನ್ನು ಬೋರ್ಲ್ಯಾಂಡ್ ಕಟ್ಟಿದ್ದೂ ಅದರಿಂದಲೇ. ನಾವು ವರ್ಷಗಟ್ಟಲೆ ಅದರೊಳಗೆ ಕೂತು ‘ಹಲೋ ವರ್ಲ್ಡ್’ ಬರೆದೆವು. ಕೂತಿರುವ ಮನೆಯೇ ಒಂದು ಪಾಠ ಅಂತ ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ ಮಾರಾಯ್ರೆ.

ವಿಂಡೋಸ್‌ಗೆ ಬೋರ್ಲ್ಯಾಂಡಿನ ಓಡಬ್ಲ್ಯುಎಲ್ ಬಂತು, 1992ರಲ್ಲಿ ಮೈಕ್ರೋಸಾಫ್ಟ್‌ನ ಎಂಎಫ್‌ಸಿ ಬಂತು. ಮೈಕ್ರೋಸಾಫ್ಟ್ ತಂಡ ಮೊದಲು ತುಂಬಾ ಭವ್ಯವಾದ ಒಂದನ್ನು ಕಟ್ಟಿ, ಭಾರ ಜಾಸ್ತಿ ಆಯ್ತು ಅಂತ ಅದನ್ನು ಬಿಸಾಡಿ, ತೆಳುವಾದದ್ದನ್ನು ಮತ್ತೆ ಬರೆದಿತ್ತು. ಇತ್ತ ಆ್ಯಪಲ್ ಮ್ಯಾಕ್ಆ್ಯಪ್‌ನ ಮೂರನೇ ಆವೃತ್ತಿಗೆ ಪಾಸ್ಕಲ್ ಬಿಟ್ಟು ಸಿ ಪ್ಲಸ್ ಪ್ಲಸ್ ಹಿಡಿಯಿತು. ಪಾಸ್ಕಲ್ ನಂಬಿದವರು ಕಂಗಾಲು. ನಂತರ ಸಿಮ್ಯಾಂಟೆಕ್ ಜೊತೆ ‘ಬೆಡ್‌ರಾಕ್’ ಅಂತ ಘೋಷಿಸಿತು, ಅದೂ ನಿಂತುಹೋಯಿತು. ಐಬಿಎಂ ಜೊತೆ ಶುರು ಮಾಡಿದ ‘ಟ್ಯಾಲಿಜೆಂಟ್’ ಕೂಡ ದಡ ಸೇರಲಿಲ್ಲ. ಅವುಗಳ ಹೆಸರು ಮಾತ್ರ ಗೊತ್ತಿದ್ದು, ಒಳಗಿನ ವಿಚಾರ ಗೊತ್ತಿಲ್ಲದವರ ಕಲಿಕೆ ಅಲ್ಲಿಗೇ ಮುಗಿಯಿತು.

ಗೆದ್ದದ್ದು ಯಾರು ಗೊತ್ತುಂಟಾ? 1985ರಲ್ಲಿ ಆ್ಯಪಲ್‌ನಿಂದ ಹೊರಬಿದ್ದ ಸ್ಟೀವ್ ಜಾಬ್ಸ್ ಕಟ್ಟಿದ ‘ನೆಕ್ಸ್ಟ್’. 1988ರಲ್ಲಿ ಬಂದ ಆ ಕಪ್ಪು ಪೆಟ್ಟಿಗೆ ಹೆಚ್ಚೇನೂ ಮಾರಾಟ ಆಗಲಿಲ್ಲ. ಆದರೆ ಅದರ ಫ್ರೇಮ್‌ವರ್ಕ್ ಎಷ್ಟು ಹದವಾಗಿತ್ತೆಂದರೆ, 1990ರಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಬ್ರೌಸರನ್ನು ಬರೆದದ್ದು ಅದರಲ್ಲೇ. 1996ರ ಡಿಸೆಂಬರಿನಲ್ಲಿ ಆ್ಯಪಲ್ ನೆಕ್ಸ್ಟ್ ಕೊಳ್ಳುವುದಾಗಿ ಘೋಷಿಸಿತು. ಆ ಫ್ರೇಮ್‌ವರ್ಕ್ ‘ಕೊಕೊವಾ’ ಆಯಿತು, ಅದರ ತಮ್ಮ ಐಫೋನಿಗೆ ಹೋದ. ಐಫೋನ್ ಆ್ಯಪ್ ಬರೆಯುವವರು ಈಗಲೂ ಎನ್‌ಎಸ್ ಅಂತ ಶುರುವಾಗುವ ಹೆಸರುಗಳನ್ನು ನೋಡುತ್ತಾರೆ. ಅದು ನೆಕ್ಸ್ಟ್‌ಸ್ಟೆಪ್.

ಇಷ್ಟು ಹೇಳುವಾಗ ಚಾ ಆರಿ ಹೋಗಿತ್ತು. ಹುಡುಗ ಮೊಬೈಲ್ ತೆಗೆದು ಒಂದು ಆ್ಯಂಡ್ರಾಯ್ಡ್ ಪಾಠ ತೋರಿಸಿದ, ‘ಆನ್‌ಕ್ರಿಯೇಟ್’ ಅಂತ ಬರೆದಿತ್ತು. “ಇದನ್ನು ನಾವು ಎಲ್ಲೂ ಕರೆಯುವುದೇ ಇಲ್ಲ, ಆದ್ರೂ ಓಡ್ತದೆ. ಯಾಕೆ ಅಂತ ಸರ್ ಹತ್ರ ಕೇಳಿದ್ರೆ ಬಾಯಿಪಾಠ ಮಾಡು ಅಂದ್ರು. ಇದೂ ಗೂಟವೇ ಅಲ್ವಾ ಕಾಕ?”

ಹೌದು ಅಂದೆ. ಎರಡನೇ ಕ್ಲಾಸಿನ ಫೀಸು ಸದ್ಯಕ್ಕೆ ಕಟ್ಟಬೇಡ, ಈಗಿರುವ ಒಂದನ್ನೇ ಸರಿಯಾಗಿ ಹಿಡಿ, ಜೊತೆಗೆ ಫ್ರೇಮ್‌ವರ್ಕ್ ಇಲ್ಲದೆ ಒಂದು ಖಾಲಿ ಕಿಟಕಿ ತೆರೆದು ಮೌಸ್ ಒತ್ತಿದ್ದು ಎಲ್ಲಿ ಅಂತ ನೀನೇ ಕಂಡುಹಿಡಿಯುವ ಪ್ರೋಗ್ರಾಮ್ ಒಮ್ಮೆ ಬರಿ ಅಂದೆ. ಮೂರು ವಾರ ಬಿಟ್ಟು ಗಡಹಿಂಗ್ಲಜದಿಂದ ಮೆಸೇಜ್ ಬಂತು: ಕಿಟಕಿ ತೆರೆದಿದೆ, ಎಲ್ಲಿ ಒತ್ತಿದರೂ ಗೊತ್ತಾಗ್ತದೆ, ಆದರೆ ಮುಚ್ಚಲಿಕ್ಕೆ ಮಾತ್ರ ಆಗ್ತಾ ಇಲ್ಲ.