ಹುಳಿಮಣ್ಣು ಹಿಡಿದಿಟ್ಟ ರಂಜಕ

ಪಾಲಿಬೆಟ್ಟದ ಸುತ್ತಲಿನ ಕಾಫಿ ತೋಟಗಳಿಗೆ ರಾಕ್ ಫಾಸ್ಫೇಟ್ ಹಳೆಯ ಪರಿಚಯ. ಬಂಡೆ ಅರೆದು ಮಾಡಿದ ಈ ರಂಜಕದ ಪುಡಿ ನೀರಿನಲ್ಲಿ ಕರಗುವುದಿಲ್ಲ. ಕೊಡಗಿನ ಹುಳಿಮಣ್ಣೇ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹತ್ತಾರು ವರ್ಷ ನಿಲ್ಲುವ ಕಾಫಿ ಗಿಡಕ್ಕೆ ಅವಸರವಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಬೀನ್ಸ್ ಹಾಕಿದವರಿಗೆ ಮಾತ್ರ ಕಾಯುವ ಪುರುಸೊತ್ತಿಲ್ಲ. ಎರಡು ತಿಂಗಳಿಗೆ ಕಾಯಿ ಕೀಳುವ ಬೆಳೆ ಅದು.

ಇಂಥ ಬೆಳೆಗೆ ಬೇಕಾದ ಕರಗುವ ರಂಜಕದ ಹುಡುಕಾಟ ಶುರುವಾದದ್ದೂ ತರಕಾರಿಯಿಂದಲೇ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನ ಜಮೀನುದಾರ ಜಾನ್ ಬೆನೆಟ್ ಲಾಸ್ ಟರ್ನಿಪ್‌ಗೆ ಮೂಳೆಪುಡಿ ಹಾಕಿ ನೋಡಿದ. ಅವನ ಹೊಲದಲ್ಲಿ ಪ್ರಯೋಜನ ಕಾಣಲಿಲ್ಲ. ಗಂಧಕಾಮ್ಲ ಬೆರೆಸಿದ ಮೇಲೆ ಗಡ್ಡೆ ತುಂಬಿಕೊಂಡಿತು. 1842ರಲ್ಲಿ ಈ ಸೂಪರ್ ಫಾಸ್ಫೇಟ್‌ಗೆ ಪೇಟೆಂಟ್ ಪಡೆದ. ಗೊಬ್ಬರದಂಗಡಿಯಲ್ಲಿ ನಾವು ‘ಸೂಪರ್’ ಎಂದು ಕೇಳಿ ತರುವುದು ಅದರ ವಂಶದ್ದೇ.

ಆದರೆ ಕೊಡಗಿನ ಹುಳಿ ಕೆಂಪುಮಣ್ಣಿನಲ್ಲಿ ಕರಗಿದ್ದು ಕರಗಿದಂತೆ ಉಳಿಯುವುದಿಲ್ಲ. ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ. ಹಾಕಿದ್ದರಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ 15ರಿಂದ 20. ರಂಜಕ ಸಾಲದೆ ಎಲೆ ನೇರಳೆಗೆ ತಿರುಗಿತೆಂದು ರಂಜಕದ ಇನ್ನೊಂದು ಗೊಬ್ಬರವಾದ ಡಿಎಪಿ ಚೀಲ ತಂದರೆ ಅದಕ್ಕೂ ಅದೇ ಗತಿ. ಅದರ ಕಚ್ಚಾವಸ್ತು ಬಹುಪಾಲು ಹೊರದೇಶದಿಂದ ಬರಬೇಕು ಬೇರೆ.

ಹಾಗಾಗಿ ಪ್ರಮಾಣಕ್ಕಿಂತ ಜಾಗ ಮುಖ್ಯ. ರಂಜಕ ಮಣ್ಣಿನಲ್ಲಿ ಕೆಲವು ಮಿಲಿಮೀಟರ್ ದಾಟಿದರೆ ಹೆಚ್ಚು. ಮಡಿಯ ತುಂಬ ಎರಚಿದ ಕಾಳು ಬೇರಿಗೆ ಸಿಗದು. ಸಾಲು ತೆಗೆದು, ಬೀಜದ ಪಕ್ಕ ಒಂದೆರಡು ಅಂಗುಲ ಕೆಳಗೆ ಹಾಕಿ ಮುಚ್ಚಬೇಕು. ಮಣ್ಣು ಪರೀಕ್ಷೆಯಲ್ಲಿ ಹುಳಿ ಹೆಚ್ಚೆಂದು ಬಂದರೆ ಕೆಲವು ವಾರ ಮೊದಲೇ ಸುಣ್ಣ ಕೊಡಬೇಕು, ಸುಣ್ಣ ಮತ್ತು ಗೊಬ್ಬರ ಎರಡನ್ನೂ ಒಟ್ಟಿಗೆ ಅಲ್ಲ.

ಉಳಿದ ದಾರಿ ಜೀವಾಣುಗಳದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಅವರು ಮೈಕೊರೈಜಾ ಶಿಲೀಂಧ್ರದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಸಸಿಮಡಿಯಲ್ಲೇ ಬೇರಿಗೆ ಹತ್ತಿಸಿದರೆ, ಕೂದಲಿಗಿಂತ ತೆಳುವಾದ ಎಳೆಗಳು ಬೇರು ಮುಟ್ಟದ ಮಣ್ಣಿನಿಂದ ರಂಜಕ ತರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇರುವ ‘ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ರೂಪಿಸಿತು. ಆ ಸಂಸ್ಥೆಯದೇ ಕೃಷಿ ವಿಜ್ಞಾನ ಕೇಂದ್ರ ಪಾಲಿಬೆಟ್ಟಕ್ಕೆ ಹತ್ತಿರದ ಗೋಣಿಕೊಪ್ಪಲಿನಲ್ಲಿದೆ.

ಮೈಕೊರೈಜಾ ಪೊಟ್ಟಣ ತಂದ ಮಾತ್ರಕ್ಕೆ ಎಲ್ಲ ಆಯಿತೆಂದಲ್ಲ. ಡಿಎಪಿ ಸುರಿದ ಮಡಿಯಲ್ಲಿ ಅದು ಸೋಮಾರಿಯಾಗುತ್ತದೆ. ಮೆಣಸಿನಕಾಯಿ, ಟೊಮೆಟೊ, ಬೆಂಡೆಗೆ ಅದು ಒಗ್ಗುತ್ತದೆ. ಎಲೆಕೋಸು, ಹೂಕೋಸಿನ ಬೇರು ಅದನ್ನು ಹತ್ತಿರ ಸೇರಿಸುವುದಿಲ್ಲ. ಕೋಸು ಬೆಳೆಯುವವರು ಆ ದುಡ್ಡನ್ನು ಸುಣ್ಣಕ್ಕೆ ಹಾಕುವುದೇ ವಾಸಿ.